ನುಸಿಗಳ ಶ್ರಾವಣ

೨೦೨೩ರ ಜುಲೈ ೧೮, ಮಂಗಳವಾರದ ನನ್ನ ಡೈರಿಯಲ್ಲಿ ಹೀಗಿದೆ: “ಇಂದಿನಿಂದ ಶ್ರಾವಣ. ನುಸಿಗಳಿಗೂ ಅನ್ವಯ.”

ವಿವರಣೆ ಅಗತ್ಯ. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಆಫೀಸು, ಮೆಲ್ಬರ್ನ್ ಆಚೆ ಗಾಜಿನ ಮನೆ ಇದ್ದ ಕಂಪನಿಯೊಂದು ಸರ್ಕಾರದ ಲೈಸೆನ್ಸ್ ಪಡೆದು ಔಷಧಿಗಾಗಿ ಗಾಂಜಾ ಬೆಳೆಯುತ್ತಿತ್ತು. ನನ್ನ ಸೊಸೆ ಸಂಧ್ಯಾರಾಣಿ ಅಲ್ಲಿ ಬೆಳೆಯ ಮ್ಯಾನೇಜರ್. ಮೊದಲ ಬೆಳೆ ಕೈಗೆ ಬಂದರೆ ಅವಳ ಕೆಲಸ ಖಾಯಂ. ಬರದಿದ್ದರೆ ಕಂಪನಿಯೇ ಇಲ್ಲ. ಗಾಂಜಾದಿಂದ ತೆಗೆಯುವ ಎಣ್ಣೆಯನ್ನು ಇಲ್ಲಿರುವ ನಮ್ಮ ಕಡೆಯ ಹಿರಿಯರಿಗೆ ಮಾರಲು ‘ಶುದ್ಧ ಸಸ್ಯಾಹಾರಿ’ ಮುದ್ರೆ ಇರಲಿ ಎಂದು ಕಂಪನಿಯ ಯಜಮಾನ ತ್ರಿವಿಕ್ರಮ ಸಮಿತಿಯೊಂದನ್ನು ರಚಿಸಿ ನನ್ನನ್ನು ಅಧ್ಯಕ್ಷೆ ಮಾಡಿದರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್‌ಸಿ. ಮಾಡಿದವಳು ನಾವಿರುವ ರೌಸ್ ಹಿಲ್‌ ಬಡಾವಣೆಗೆಲ್ಲ ನಾನೊಬ್ಬಳೇ. ಇದನ್ನು ಈವರೆಗೆ ಯಾರೂ ಪರಿಶೀಲಿಸಿಲ್ಲ.

ಆ ವಾರ ಗಿಡಗಳಿಗೆ ಜೇಡನುಸಿ ಹತ್ತಿತು. ಸಾಸಿವೆಗಿಂತ ಸಣ್ಣ ಜೀವ. ಎಲೆಯ ರಸ ಹೀರಿ ಬಲೆ ಹೆಣೆಯುತ್ತದೆ. ಔಷಧಿಯ ಬೆಳೆಗೆ ಕೀಟನಾಶಕ ಹೊಡೆಯುವಂತಿಲ್ಲ. ಸಂಧ್ಯಾರಾಣಿ ಜೇಡನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನು ಬಾಟಲಿಗಳಲ್ಲಿ ತರಿಸಿದಳು. ವಿಡಿಯೊ ಸಭೆಯಲ್ಲಿ ನಾನು ಮುದ್ರೆಯ ನಿಯಮ ನಾಲ್ಕನ್ನು ಓದಿದೆ: ಆವರಣದೊಳಗೆ ಮಾಂಸಾಹಾರ ಸೇವನೆ ನಿಷಿದ್ಧ.

“ಅತ್ತೀ, ಅದು ಕ್ಯಾಂಟೀನಿಗೆ ಬರದದ್ದರಿ!”

“ಯಾರು ತಿನ್ನಬಾರದು ಅಂತ ಬರದಿಲ್ಲಲ್ಲ. ಜೇಡನುಸಿ ಎಲೆ ರಸ ಕುಡೀತೈತಿ, ಅಪ್ಪಟ ಸಸ್ಯಾಹಾರಿ. ಅದನ್ನ ತಿನ್ನಾಕ ಬಂದವರಿಗೆ ನಾನ ಮುದ್ರಿ ಒತ್ತಲೇನು?”

“ನನ್ನ ಗಿಡ ಸಾಯ್ತಾವ್ರಿ!”

ತ್ರಿವಿಕ್ರಮ ಗಂಟಲು ಸರಿಮಾಡಿಕೊಂಡರು. “ಆಂಟಿ ಪಾಯಿಂಟ್ ಕರೆಕ್ಟಾಗೇ ಇದೆ. ಏನಾದ್ರೂ ಅಡ್ಜಸ್ಟ್ ಮಾಡೋಕಾಗತ್ತಾ ಆಂಟಿ?”

ಆಗುತ್ತಿತ್ತು. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಶ್ರಾವಣಕ್ಕೆ ಬಿಡುತ್ತಾರೆ. ಈ ನುಸಿ ಹೂವಿನ ಪರಾಗ ತಿಂದೂ ಬದುಕುತ್ತದೆಂದು ಬಾಟಲಿಯ ಮೇಲೇ ಇತ್ತು. ಶ್ರಾವಣ ಮುಗಿಯುವ ತನಕ ಪರಾಗ, ಆಮೇಲೆ ಅವುಗಳ ಇಷ್ಟ ಎಂದು ಠರಾವಾಯಿತು. ಸಂಧ್ಯಾರಾಣಿಯೊಬ್ಬಳು ಕೈ ಎತ್ತಲಿಲ್ಲ.

ಎಲೆಗಳ ಮೇಲೆ ಧಾರಾಳವಾಗಿ ಪರಾಗ ಉದುರಿಸಲಾಯಿತು. ಹೊಟ್ಟೆ ತುಂಬಿದ ಅತಿಥಿಗಳು ಯಾರ ತಂಟೆಗೂ ಹೋಗಲಿಲ್ಲ. ನಾನು ಇದನ್ನು ಸಂಸ್ಕಾರವೆಂದು ದಾಖಲಿಸಿದೆ.

ಅಮಾವಾಸ್ಯೆಯ ದಿನ ಸಂಧ್ಯಾರಾಣಿ ಫೋನ್ ಮಾಡಿದಳು. “ಮುಗೀತಲ್ರಿ ಅತ್ತೀ? ಅರ್ಧ ಗಿಡ ಇನ್ನೂ ಉಳಿದಾವು. ಪರಾಗ ನಿಲ್ಲಸಲೇನ್ರಿ?”

ನಾನು ಪಂಚಾಂಗ ತೆಗೆದೆ. “ಈ ವರ್ಷ ಅಧಿಕಮಾಸ ಐತವಾ. ಮುಗದದ್ದು ಅಧಿಕ ಶ್ರಾವಣ. ನಿಜ ಶ್ರಾವಣ ನಾಳಿಂದ.”

ಫೋನ್ ಕಟ್ಟಾಯಿತು. ನೆಟ್‌ವರ್ಕ್ ಹೋಯಿತೆಂದು ಬರೆದುಕೊಂಡೆ.

ಎರಡೂ ಶ್ರಾವಣ ಮುಗಿಯುವಷ್ಟರಲ್ಲಿ ಗಿಡಗಳೆಲ್ಲ ಬಿಳಿ ಬಲೆ ಹೊದ್ದು ಒಣಗಿದ್ದವು. ಸಮಿತಿಯು ಸ್ಥಳಕ್ಕೆ ಹೋಗಿ, ಆವರಣದಲ್ಲಿ ಯಾವ ಜೀವಿಯೂ ಇನ್ನೊಂದನ್ನು ತಿಂದಿಲ್ಲವೆಂದು ಖಚಿತಪಡಿಸಿ, ಮುದ್ರೆ ಮಂಜೂರು ಮಾಡಿತು. ಎಣ್ಣೆ ಇರಲಿಲ್ಲವಾದ್ದರಿಂದ ಮುದ್ರೆಯನ್ನು ಖಾಲಿ ಸೀಸೆಗೆ ಅಂಟಿಸಿ ಫೋಟೊ ತೆಗೆಸಿಕೊಂಡೆವು.

“ಪ್ರಿನ್ಸಿಪಲ್ ಮುಖ್ಯ ಆಂಟಿ,” ಎಂದರು ತ್ರಿವಿಕ್ರಮ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಂಧ್ಯಾರಾಣಿಯೂ.

ಒಟ್ಟು ತಗುಲಿದ ವೆಚ್ಚ: ಒಂದು ಬೆಳೆ, ಒಂದು ಕಂಪನಿ, ಸೊಸೆಯ ಕೆಲಸ. ಅವಳೀಗ ನಮ್ಮ ಮನೆಯಿಂದಲೇ ನಾರ್ತ್ ಸಿಡ್ನಿಯ ವಿಮಾ ಆಫೀಸಿಗೆ ಹೋಗುತ್ತಾಳೆ. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಉಳಿದ ಪರಾಗದ ಡಬ್ಬಿ ಫ್ರಿಜ್ಜಿನಲ್ಲಿದೆ. ಯಾರೂ ಮುಟ್ಟುವುದಿಲ್ಲ.