ರೋಮಿಂಗ್ ಅಂದರೆ ಎಂತ?

ಚೆನ್ನೈನ ಮೈಲಾಪೂರಿನ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕೂತ ನಾನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ‘ರೋಮಿಂಗ್’ ಅನ್ನುವ ಶಬ್ದ ಹಿಡಿದುಕೊಂಡು ಯಾರಾದರೊಬ್ಬರು ಬಂದೇ ಬರುತ್ತಾರೆ. ಬಂದವರು ಕನ್ನಡದವರಾದರೆ ನಮ್ಮ ತಮಿಳು ಓನರು “ಉಂಗ ಊರ್ ಆಳು”, ನಿಮ್ಮೂರಿನವಳೇ, ಅಂತ ನನ್ನ ಕಡೆ ಕೈ ತೋರಿಸುತ್ತಾರೆ. ಅಲೆಯುವುದು ಅನ್ನುವ ಅರ್ಥದ ಈ ಇಂಗ್ಲಿಷ್ ಶಬ್ದ ನಮ್ಮವರ ಬಾಯಲ್ಲಿ ಎಲ್ಲೆಲ್ಲಿ ಅಲೆಯುತ್ತದೆ ಅಂತ ನೋಡುವುದೇ ನನಗೊಂದು ಕುತೂಹಲ.

ಧಣಿಗಳಿಗೆ ಹೇಳಬೇಡಿ

ಇಲ್ಲಿಯ ಹೋಟೆಲೊಂದರ ಮ್ಯಾನೇಜರು, ಉಡುಪಿ ಕಡೆಯವರು, ಮದುವೆಗೆಂದು ಊರಿಗೆ ಹೊರಟಿದ್ದರು.

“ಅಮ್ಮ, ಈ ರೋಮಿಂಗ್ ಎಲ್ಲಿಂದ ಶುರು? ಬಾರ್ಡರ್ ದಾಟಿದ ಕೂಡ್ಲೆಯಾ?”

“ದೇಶದೊಳಗೆ ಈಗ ಅದರ ಚಾರ್ಜೇ ಇಲ್ಲ ಮಾರಾಯ್ರೆ. ಎಲ್ಲಿ ಬೇಕಾದ್ರೂ ಆರಾಮಾಗಿ ಮಾತಾಡಿ.”

ಖುಷಿಪಡುತ್ತಾರೆ ಅಂದುಕೊಂಡರೆ ಮುಖ ಸಪ್ಪಗಾಯಿತು. ಆಚೀಚೆ ನೋಡಿ ಸ್ವರ ತಗ್ಗಿಸಿದರು.

“ನಮ್ಮ ಧಣಿಗಳಿಗೆ ಮಾತ್ರ ಇದನ್ನು ಹೇಳ್ಬೇಡಿ. ರೋಮಿಂಗ್ ಅಂತ ಹೇಳಿ ಅವರ ಫೋನ್ ಎತ್ತದೆಯೇ ಇಷ್ಟು ವರ್ಷ ಊರಲ್ಲಿ ನೆಮ್ಮದಿಯಿಂದ ಊಟ ಮಾಡಿದ್ದು.”

ನೋವಾಗಬಾರದು

ಹುಬ್ಬಳ್ಳಿ ಕಡೆಯ ಅಜ್ಜಿ, ಹಣೆ ತುಂಬ ವಿಭೂತಿ. ಮರಿಮಗುವನ್ನು ನೋಡಲು ಸಿಂಗಪುರಕ್ಕೆ ಹೊರಟಿದ್ದರು. ಜೊತೆಗೆ ಬಂದ ಮೊಮ್ಮಗಳು, “ಪಾಟಿಕ್ಕು ರೋಮಿಂಗ್ ಪೋಡಣುಂ” ಅಂದಳು. ಅಜ್ಜಿಗೆ ರೋಮಿಂಗ್ ಹಾಕಬೇಕಂತೆ.

ಅಜ್ಜಿ ಸೆರಗು ಬಿಗಿ ಮಾಡಿಕೊಂಡರು. “ರೋಮ ಅಂದ್ರ ಮೈಮ್ಯಾಲಿನ ಕೂದ್ಲ ಅಲ್ಲೇನವಾ? ಈ ವಯಸ್ಸಿನಾಗ ಅದನ್ಯಾಕ ತಗಿಸ್ಕೊಳ್ಲಿ? ಇಕಿ ಪಾರ್ಲರಿಗೆ ಹೋಗೂದು ಸಾಲದೇನು?”

ಪರದೇಶದಲ್ಲೂ ನಿಮ್ಮ ಇದೇ ನಂಬರು ನಡೆಯುವ ಹಾಗೆ ಮಾಡುವುದು ಅಂತ ಬಿಡಿಸಿ ಹೇಳಿದೆ. ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟರು.

“ಹಂಗಾದ್ರ ಮಾಡು. ಆದ್ರ ನೋವಾಗಬಾರದು ನೋಡು.”

ಫೋನಿಲ್ಲದ ರೋಮಿಂಗ್

ಇನ್ನೊಮ್ಮೆ ಹೋಟೆಲಿನ ಅಡುಗೆ ಭಟ್ಟರು ಯೂನಿಫಾರಂ ಹಾಕಿದ ಮಗಳನ್ನು ಎಳೆದುಕೊಂಡು ಬಂದರು.

“ಇವಳ ರೋಮಿಂಗ್ ಬಂದ್ ಮಾಡಿ ಕೊಡಿ!”

ಶಾಲೆಯಿಂದ ಅವರ ಮೊಬೈಲಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತು: ನಿಮ್ಮ ಮಗಳು ಕ್ಲಾಸಿನ ಹೊತ್ತಿನಲ್ಲಿ ರೋಮಿಂಗ್ ಮಾಡುತ್ತಿದ್ದಳು. “ಇವಳ ಹತ್ರ ಫೋನೇ ಇಲ್ಲ! ಹಾಗಾದ್ರೆ ರೋಮಿಂಗ್ ಹೇಗೆ ಬರ್ತದೆ?”

“ಕ್ಲಾಸು ಬಿಟ್ಟು ಆಚೆ ತಿರುಗ್ತಾ ಇದ್ಲಂತೆ ಭಟ್ರೆ.”

“ತಣ್ಣಿ ಕುಡಿಕ್ಕ ಪೋನೇನ್” ಅಂದಳು ಹುಡುಗಿ. ನೀರು ಕುಡಿಯಲು ಹೋಗಿದ್ದಳಂತೆ. ಯಕ್ಷಗಾನ ಮೇಳದವರು ಊರೂರು ಹೋದರೆ ತಿರುಗಾಟ ಅಂತ ಗೌರವ, ಹುಡುಗಿ ಹೋದರೆ ದೂರು. ಇದು ಹೇಗೆ ಅಂತ ನಾನು ಯೋಚಿಸುತ್ತಿರುವಾಗಲೇ ಭಟ್ಟರು ಉಸಿರು ಬಿಟ್ಟರು.

“ತಿರುಗಿದ್ದು ಮಾತ್ರವಾ? ನಾನು ಬಿಲ್ಲು ಬಂತು ಅಂತ ಹೆದರಿದ್ದೆ.”

ಕಂಪನಿ ಕಾಲ್

ಒಂದು ಮಧ್ಯಾಹ್ನ ಗಿಂಡಿ ಏರಿಯಾದ ಆಫೀಸಿನಲ್ಲಿ ಕೆಲಸ ಮಾಡುವ ಕನ್ನಡದವರೊಬ್ಬರು ಬೆವರಿಳಿಸಿಕೊಂಡು ಓಡಿ ಬಂದರು. ಹಿಂದಿನ ದಿನ ಊರಿಂದ ಬಂದ ಅಪ್ಪಯ್ಯ ಬೆಳಿಗ್ಗೆ ಇಲ್ಲೇ ದೇವಸ್ಥಾನಕ್ಕೆ ಹೋದವರು ಮನೆಗೆ ಬಂದಿಲ್ಲ. ತಮಿಳು ಬರುವುದಿಲ್ಲ, ಕಣ್ಣೂ ಸರಿ ಕಾಣುವುದಿಲ್ಲ.

“ಫೋನ್ ಎತ್ತೋದಿಲ್ವಾ?” ಅಂದೆ.

“ಎತ್ತುತ್ತಾರೆ. ‘ರೋಮಿಂಗ್, ರೋಮಿಂಗ್! ದುಡ್ಡು ಹೋಗ್ತದೆ, ಇಡು’ ಅಂತ ಕಟ್ ಮಾಡ್ತಾರೆ. ಎಲ್ಲಿದ್ದಾರೆ ಅಂತ ಕಂಪನಿಯಿಂದ ಗೊತ್ತು ಮಾಡ್ಲಿಕ್ಕೆ ಆಗ್ತದಾ?” ಅವರ ಕಣ್ಣಲ್ಲಿ ನೀರಿತ್ತು.

ನಾನು ಅವರ ಫೋನಿಂದಲೇ ಕಾಲ್ ಮಾಡಿ, ಅಪ್ಪಯ್ಯ ಬಾಯಿ ತೆರೆಯುವ ಮೊದಲೇ ಗತ್ತಿನಿಂದ ಹೇಳಿದೆ: “ನಮಸ್ಕಾರ, ಕಂಪನಿಯಿಂದ ಮಾತಾಡೋದು. ನಿಮಗೆ ಈ ಕಾಲ್ ಪೂರ್ತಿ ಫ್ರೀ.”

“ಫ್ರೀಯಾ?” ಆ ಸ್ವರವೇ ಬದಲಾಯಿತು.

ಫೋನನ್ನು ಮಗನ ಕೈಗೆ ಕೊಟ್ಟೆ. ತಿಂಡಿಗೆ ತಿಂದ ಪೊಂಗಲ್, ದೇವಸ್ಥಾನದಲ್ಲಿ ಸಿಕ್ಕಿದ ಕನ್ನಡದವರು, ಅವರ ಜೊತೆ ಹತ್ತಿದ ಬಸ್ಸು, ಸಮುದ್ರದ ಗಾಳಿ, ಅಪ್ಪಯ್ಯನ ಬಾಯಿಂದ ಎಲ್ಲ ಬಂತು. ಕೊನೆಗೆ “ಅಪ್ಪಯ್ಯ, ಈಗ ಎಲ್ಲಿದ್ದೀರಿ?” ಅಂತ ಮಗ ಗೋಗರೆದ ಮೇಲೆ ತಿರುವೊಟ್ಟಿಯೂರಿನ ದೇವಸ್ಥಾನದ ಬಾಗಿಲಲ್ಲಿ ಕೂತಿದ್ದಾರೆ ಅಂತ ಗೊತ್ತಾಯಿತು. ಚೆನ್ನೈನ ಆ ತುದಿ! ಮಗ ಫೋನ್ ಕಿವಿಯಿಂದ ತೆಗೆಯದೆ ಆಟೋ ಹತ್ತಿದರು.

ಮುಂದಿನದು ಮರುದಿನ ಅವರೇ ಬಂದು ಹೇಳಿದ್ದು. ದಾರಿಯುದ್ದಕ್ಕೂ ಅಪ್ಪಯ್ಯ ಮಾತು ನಿಲ್ಲಿಸಲಿಲ್ಲ. ಮಗ ಆಟೋ ಇಳಿದು, ಓಡಿ ಹೋಗಿ, ಎದುರಿಗೇ ನಿಂತು “ಅಪ್ಪಯ್ಯಾ!” ಅಂತ ಭುಜ ಹಿಡಿದರು. ಅಪ್ಪಯ್ಯ ತಲೆ ಎತ್ತದೆ ಕೈ ಅಡ್ಡ ಹಿಡಿದರು:

“ಸ್ವಲ್ಪ ತಡೀರಿ ಮಾರಾಯ್ರೆ, ನಾನು ಮಗನ ಹತ್ರ ಮಾತಾಡ್ತಾ ಇದ್ದೇನೆ!”