ಕಾಕಾನ ಫೋನು, ಕಾಕುವಿನ ಎಡಗಣ್ಣು

ನಮ್ಮ ಕಾಕಾ ಒಂದು ಫೋಟೊ ತೆಗೆಯುವಷ್ಟರಲ್ಲಿ ಭೋಜ ಊರಿನ ಬಸ್ಸು ನಿಪ್ಪಾಣಿಗೆ ಹೋಗಿ ತಿರುಗಿ ಬರುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಡ್ರೈವರು ಅಲ್ಲಿ ಚಹಾ ಕುಡಿದ ಹೊತ್ತನ್ನು ನಾನು ಇನ್ನೂ ಸೇರಿಸಿಲ್ಲ.

ಫೋನಿನ ಕ್ಯಾಮೆರಾದಲ್ಲಿ ಆಟೋ ಎಂಬುದೊಂದಿದೆ. ನೀವು ಒತ್ತಿದರೆ ಸಾಕು, ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಕಾಕಾನಿಗೆ ಇದು ಅವಮಾನ. "ನನ್ನ ಮುಂದ ಬೆಳಕ ಎಷ್ಟೈತಿ ಅಂತ ಫೋನ ನನಗ ಹೇಳಬೇಕೇನು?" ಹೀಗಾಗಿ ಬೆಳಕು, ವೇಗ, ಬಣ್ಣ, ಫೋಕಸ್ ಎಲ್ಲವನ್ನೂ ಪ್ರೊ ಮೋಡಿನಲ್ಲಿ, ಕಬ್ಬಿನ ಸಾಲಿಗೆ ನೀರು ತಿರುಗಿಸುವವರಂತೆ, ಒಂದೊಂದಾಗಿ ತಿರುಗಿಸುತ್ತಾರೆ. ಕಬ್ಬು ಕಾಯುತ್ತದೆ. ಮನುಷ್ಯರು ಕಾಯುತ್ತಾರೆಯೇ?

ಅವರ ಹೆಂಡತಿ, ನಮ್ಮ ಕಾಕು, ಒಬ್ಬಳು ಕಾಯುತ್ತಾಳೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಶನ್ ಆಯಿತು. ಎಡಗಣ್ಣಿಗೆ ಬೇಡವೆಂದು ಹಟ. "ಒಂದ ಸಾಕು, ಕಾಣೂದೆಲ್ಲಾ ಕಾಣತೈತಿ." ಆದರೆ ಬೇಳೆ ಆರಿಸುವಾಗ ಮೊರದ ಎಡಬದಿಯ ಹುಳ ತಪ್ಪಿಸಿಕೊಳ್ಳುತ್ತಿತ್ತು. ಕುದಿಯುವ ನೀರಿಗೆ ಜೀವ ಬೀಳುವುದು ನಮ್ಮಂಥ ಜೈನರ ಮನೆಯಲ್ಲಿ ಸಣ್ಣ ಮಾತಲ್ಲ. ಕಾಕು ಕಾರಣ ಹೇಳದೆ ಬೇಳೆ ಬೇಯಿಸುವುದನ್ನೇ ಬಿಟ್ಟಳು. ದಿನವೂ ಕಡಲೆಹಿಟ್ಟಿನ ಝುಣಕಾ ತಿನ್ನುತ್ತ ಕಾಕಾ ಆ ಕಾರಣದ ಬಗ್ಗೆ ಯೋಚಿಸತೊಡಗಿದರು.

ಯೋಚನೆಯ ನಡುವೆ ಒಂದು ಮದುವೆ ಬಂತು. ರಾಯಬಾಗದಲ್ಲಿ. ಅಥಣಿ ಎನ್ನುತ್ತಾನೆ ನನ್ನ ತಮ್ಮ, ಇರಬಹುದು. ಕಾಕಾ ಶಟರನ್ನು ಎಷ್ಟು ನಿಧಾನಕ್ಕೆ ಇಟ್ಟಿದ್ದರೆಂದರೆ, ಅದು ಮುಚ್ಚುವುದರೊಳಗೆ ಮದುಮಗ ಆ ಕಡೆ ನೋಡಿ ಈ ಕಡೆಯೂ ನೋಡಿದ. ಫೋಟೊ ಕಂಡು ಹೆಣ್ಣಿನ ತಂದೆ ಕಂಗಾಲು.

"ನಮ್ಮ ಅಳಿಯಗ ತಲಿ ಎರಡ ಅದಾವಲ್ರಿ?"

"ಇರಲಿ ತಗೋರಿ. ಸಂಸಾರಕ್ಕ ಒಂದ ಸಾಲೂದಿಲ್ಲ."

ಆ ಫೋಟೊ ಈಗ ಹೆಣ್ಣಿನವರ ಪಡಸಾಲೆಯ ಗೋಡೆಯ ಮೇಲಿದೆ. ಯಾಕೆಂದು ಕೇಳಿದೆ. ಉಳಿದ ಫೋಟೊಗಳಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ದಾರೆ, ಇದೊಂದರಲ್ಲಿ ಮಾತ್ರ ಮದುವೆ ನಡೆಯುತ್ತಿದೆ ಎಂದರು. ಕಾಕಾನ ಬಗ್ಗೆ ನನಗೆ ಭಯಭಕ್ತಿ ಹುಟ್ಟಿದ್ದು ಅಲ್ಲಿ.

ಫೋನಿನ ಮೇಲೆ ಅವರಿಗಿದ್ದ ಸಿಟ್ಟು ಒಂದೇ: ಬೆಳಕು ಒಳಗೆ ಬರುವ ಕಿಂಡಿಯನ್ನು ಹಿಗ್ಗಿಸಲು, ಕುಗ್ಗಿಸಲು ಅದರಲ್ಲಿ ಬರುವುದಿಲ್ಲ. ಚಿಕ್ಕೋಡಿಯ ಮೊಬೈಲ್ ಅಂಗಡಿಗೆ ಹೋಗಿ ಜಗಳ ತೆಗೆದರು.

"ಅದು ಫಿಕ್ಸ್ ಇರತೈತ್ರಿ ಮಾಮಾ," ಎಂದ ಅಂಗಡಿಯವ.

"ಬೆಕ್ಕ ಬಿಸಿಲಿಗೆ ಬಂದ್ರ ಕಣ್ಣ ಸಣ್ಣ ಮಾಡತೈತಿ. ಬೆಕ್ಕಿನಷ್ಟೂ ಬರೂದಿಲ್ಲೇನ ಇದಕ್ಕ?"

"ಹಂಗಾದ್ರ ಬೆಕ್ಕ ತಗೋಬೇಕಿತ್ರಿ."

ಸೋತು ಬಂದ ಕಾಕಾ, ಬೇವಿನ ಮರ, ಎಮ್ಮೆ, ನಾನು, ಎಲ್ಲರನ್ನೂ ಬೇಕೆಂದೇ ಮಸುಕಾಗಿ ತೆಗೆಯಲು ಶುರುಮಾಡಿದರು. ತಲೆ ಕೆಟ್ಟಿತೆಂದು ನಾವು ಮಾತಾಡಿಕೊಂಡೆವು. ಆಮೇಲೆ ಒಂದು ದಿನ, ಬೆಳಗೋ ಸಂಜೆಯೋ ಹೇಳಲಾರೆ. ನೆನಪು ಯಾವಾಗಲೂ ಆಟೋದಲ್ಲೇ ಇರುತ್ತದೆ, ಬೆಳಕನ್ನು ತಾನೇ ಹೆಚ್ಚಿಸಿಬಿಡುತ್ತದೆ. ಕಾಕಾ ಕಟ್ಟೆಯ ಮೇಲೆ ಕಾಕುವಿನ ಪಕ್ಕ ಕೂತು ಫೋನನ್ನು ಬೇವಿನ ಮರಕ್ಕೆ ಹಿಡಿದರು.

"ಎಡಗಣ್ಣಿಲೆ ಗಿಡ ನೋಡು. ಆಮ್ಯಾಲ ಬಲಗಣ್ಣಿಲೆ ಫೋನ ನೋಡು. ಎರಡೂ ಒಂದ ಥರಾ ಆದ್ರ ಹೇಳು."

ಫೋಕಸ್ ಸರಿಸಿದರು. ಪರದೆಯ ಮೇಲೆ ಎಲೆಗಳು ಕಲಸಿದವು.

"ಹಿಂಗೇನು?"

"ಇನ್ನೂ."

ಟೊಂಗೆಗಳು ಹೋದವು.

"ಹಿಂಗ?"

"ಇನ್ನೂ ರೀ."

ಬೆರಳು ಪರದೆಯ ಮೇಲಿನ ಫೋಕಸ್ ಗೀಟಿನ ತುದಿ ಮುಟ್ಟಿತು. ಫೋನಿನಲ್ಲಿ ಮುಂದೆ ಸರಿಸಲು ಏನೂ ಇರಲಿಲ್ಲ. ಕಾಕಾ ಅವಳನ್ನು ನೋಡಿದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು ಲೆನ್ಸಿನ ಮೇಲೆ ಹಾ ಎಂದು ಬಿಸಿ ಉಸಿರು ಬಿಟ್ಟು ಮತ್ತೆ ಮರಕ್ಕೆ ಹಿಡಿದರು. ಪರದೆಯೆಲ್ಲ ಬಿಳಿ ಮಂಜು.

"ಹಾಂ," ಎಂದಳು ಕಾಕು. "ಹಿಂಗ."

"ಕಣ್ಣ ಇಷ್ಟೊಂದ ಮಂಜ ಆಗೈತಂತ ಮೊದಲ ಹೇಳಬಾರದೇನ ಬೇ?"

"ಎಡಗಣ್ಣಿಲೆ ನೀವು ಇನ್ನೂ ಹರೇದಾಗ ಇದ್ದಂಗ ಪಾಡ ಕಾಣತೀರಿ. ಬಲಗಣ್ಣಿಲೆ ಮುದುಕ ಆಗೀರಿ."

ಕಾಕಾ ನಗಲಿಲ್ಲ. ಅಷ್ಟರಲ್ಲಿ ಮಂಜು ಅಂಚಿನಿಂದ ಕರಗತೊಡಗಿತು. ಕಾಕು ಬಾಗಿ ನೋಡಿದಳು.

"ಇನ್ನೊಮ್ಮೆ ಊದ್ರಿ."

ಊದಿದರು. ಮಂಜು ಕವಿಯಿತು, ಆರಿತು. ಕಾಕಾ ಫೋಕಸನ್ನು ಮೆಲ್ಲಗೆ ಹಿಂದಕ್ಕೆ ತಂದರು. ಮೊದಲು ಬೊಡ್ಡೆ ಬಂತು, ಆಮೇಲೆ ಟೊಂಗೆ, ಕೊನೆಗೆ ಎಲೆ.

"ಹಿಂಗ ತಿಳಿ ಆಗತೈತಂದ್ರ ನಡೀರಿ ದವಾಖಾನಿಗೆ," ಎಂದು ಕಾಕು ಸೀರೆ ಕೊಡವಿ ಎದ್ದಳು.

ಕಾಕಾ ಮಾತ್ರ ಏಳಲಿಲ್ಲ. ಬಿಸಿಲಿಗೆ ಬಂದ ಬೆಕ್ಕಿನಂತೆ ಎರಡೂ ಕಣ್ಣು ಸಣ್ಣ ಮಾಡಿಕೊಂಡು ಕೂತಿದ್ದರು. ಕಟ್ಟೆಯ ಮೇಲೆ ಬಿಸಿಲಿರಲಿಲ್ಲ, ಇದ್ದದ್ದು ನೆರಳು.