ಮೂರನೇ ಹಂತದ ರಾಕ್ಷಸಿ

ಅಮ್ಮ: ಅದು ನನ್ನ ಮೂಗಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳು.

ಮಗಳು: ಮುಖ ನೋಡ್ಕೊಂಡು ಹೇಳೋದು ಕಷ್ಟ ಅಮ್ಮ.

ಊಟದ ಮೇಜಿನ ಮೇಲಿದ್ದ ಕಂಪ್ಯೂಟರ್ ಪರದೆಯಲ್ಲಿ ಆರು ತೋಳು, ಎರಡು ಕೊಂಬಿನ ಹಸಿರು ರಾಕ್ಷಸಿಯೊಬ್ಬಳು ನಿಧಾನವಾಗಿ ಎಡಕ್ಕೂ ಬಲಕ್ಕೂ ಮುಖ ತಿರುಗಿಸುತ್ತಿದ್ದಳು. ಮಗಳು ಕಂಪ್ಯೂಟರ್ ಆಟಗಳಿಗೆ ಚಿತ್ರ ಮಾಡುವುದನ್ನು ಕಲಿಸುವ ಕಾಲೇಜಿನ ಕೊನೆಯ ವರ್ಷವನ್ನು ಆಗಷ್ಟೇ ಮುಗಿಸಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಒಂದು ಗೇಮ್ ಕಂಪನಿಯ ಕಲಾ ಮುಖ್ಯಸ್ಥೆ ಅದೇ ಪರದೆಯಲ್ಲಿ ಬಂದು ಅವಳ ಸಂದರ್ಶನ ಮಾಡುವವರಿದ್ದರು. ದಂತವೈದ್ಯರ ಕ್ಲಿನಿಕ್ಕಿನ ಸ್ವಾಗತಕಾರಿಣಿಯಾದ ಅಮ್ಮ, ಮಗಳಿಗೆ ಧೈರ್ಯ ಹೇಳಲೆಂದೇ ರಜೆ ಹಾಕಿ ಮನೆಯಲ್ಲಿ ಉಳಿದಿದ್ದಳು.

ಅಮ್ಮ: ಮೂರು ವರ್ಷ ಓದಿ ಕಲಿತದ್ದು ಹೆತ್ತ ತಾಯಿಗೆ ಕೊಂಬು ಇಡೋದಾ?

ಮಗಳು: ಕೊಂಬು ಮೂರನೇ ವರ್ಷ. ಮೊದಲನೇ ವರ್ಷ ಕಂಪ್ಯೂಟರ್ ಮುಟ್ಟೋಕೇ ಬಿಡಲಿಲ್ಲ. ಪೆನ್ಸಿಲ್ ಹಿಡಿದು ಮನೆಯವರನ್ನ ನೋಡ್ಕೊಂಡು ಬರೀರಿ ಅಂದ್ರು.

ಅಮ್ಮ: ನಿಮ್ಮಪ್ಪನ್ನ ಬರೀಬೇಕಿತ್ತು. ಅವರು ಕದಲೋದೇ ಇಲ್ಲ.

ಮಗಳು: ಬರೆದಿದ್ದೆ. ಮೇಷ್ಟ್ರು ಅದನ್ನ ಹೂದಾನಿ ಚಿತ್ರಗಳ ಸಾಲಿನಲ್ಲಿ ತೂಗುಹಾಕಿದ್ರು.

ಅಪ್ಪ ಕಾರು ಓಡಿಸುವುದನ್ನು ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು ಗಾಬರಿಯಾಗದೆ ಇರುವುದೇ ಅವನ ವೃತ್ತಿ. ಕುರ್ಚಿಯಿಂದಲೇ ಕತ್ತು ಚಾಚಿ ಪರದೆ ನೋಡಿದ.

ಅಪ್ಪ: ಎಡಗಡೆ ಹುಬ್ಬು ಸ್ವಲ್ಪ ಜಾಸ್ತಿ ಮೇಲೆ ಹೋಗಿದೆ ಅನ್ಸುತ್ತೆ.

ಅಮ್ಮ ತಿರುಗಿ ಅವನನ್ನು ನೋಡಿದಳು.

ಅಪ್ಪ: ಇಲ್ಲ, ಸರಿಯಾಗೇ ಇದೆ.

ಅಮ್ಮ: ಇದನ್ನ ಇನ್ಯಾರ್ಯಾರು ನೋಡಿದಾರೆ?

ಮಗಳು: ಇಡೀ ಕ್ಲಾಸು. ಒಂದು ವಾರ ನಿನ್ನ ಮೇಲೇ ಚರ್ಚೆ. ನಿನ್ನ ತೂಕ ಜಾಸ್ತಿಯಾಯ್ತು ಅಂದ್ರು.

ಅಮ್ಮ: ನನ್ನ ತೂಕದ ವಿಷಯ ಅವರಿಗ್ಯಾಕೆ?

ಮಗಳು: ಫೈಲಿನ ತೂಕ ಅಮ್ಮ. ಭಾರ ಆದ್ರೆ ಆಟ ನಿಂತು ನಿಂತು ಓಡುತ್ತೆ. ಅದಕ್ಕೆ ನಿನ್ನ ಬೆನ್ನು ತೆಗೆದುಬಿಟ್ಟೆ.

ಅಮ್ಮ: ಬೆನ್ನು?

ಮಗಳು: ನೀನು ಗೋಡೆಗೆ ಒರಗಿರ್ತೀಯ. ಹಿಂದಿನಿಂದ ಯಾರೂ ನೋಡಲ್ಲ.

ಅಮ್ಮ ತನಗೇ ತಿಳಿಯದಂತೆ ಕೈಯನ್ನು ಹಿಂದಕ್ಕೊಯ್ದು ಬೆನ್ನು ಮುಟ್ಟಿಕೊಂಡಳು.

ಅಮ್ಮ: ನನ್ನ ಮಾನ ಹರಾಜು ಹಾಕಿದ್ದು ಸಾಕು. ಅವರು ಬರೋ ಅಷ್ಟರಲ್ಲಿ ಮುಖ ಬದಲಾಯಿಸು.

ಮಗಳು: ಸರಿ. ಏನೇನು ಬದಲಾಯಿಸ್ಲಿ ಹೇಳು.

ಅಮ್ಮ: ಯಾಕೆ, ಜಗಳ ಆಡಲ್ವಾ?

ಮಗಳು: ಎರಡನೇ ವರ್ಷ ಪೂರ್ತಿ ಕಲಿಸಿದ್ದು ಅದನ್ನೇ. ನಾವು ಕಣ್ಣು ಕೆಂಪಾಗೋವರೆಗೂ ಕೂತು ಮಾಡಿದ್ದನ್ನ ಎಲ್ಲರೂ ಎದುರಿಗೇ ಚೆನ್ನಾಗಿಲ್ಲ ಅಂತಾರೆ. ಅಳಬಾರದು, ಎದುರು ಮಾತಾಡಬಾರದು. ಯಾಕೆ ಅಂತ ಮಾತ್ರ ಕೇಳ್ಬೇಕು.

ಅಪ್ಪ: ಆ ಕಾಲೇಜಿಗೆ ಮದುವೆಗೆ ಮುಂಚೆ ನನ್ನನ್ನೂ ಸೇರಿಸಬೇಕಿತ್ತು.

ಮಗಳು: ಯಾಕಮ್ಮ ಬದಲಾಯಿಸ್ಬೇಕು?

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ದನಿ ತಗ್ಗಿತು.

ಅಮ್ಮ: ಕೋಪ ಬಂದಾಗ ನಾನು ನಿನಗೆ ಹೀಗೆ ಕಾಣ್ತೀನಾ?

ಮಗಳು: ಇದು ಕೋಪ ಅಲ್ಲ. ಚಿಕ್ಕವಳಿದ್ದಾಗ ನನಗೆ ಜ್ವರ ನೆತ್ತಿಗೇರಿತ್ತಲ್ಲ, ಡಾಕ್ಟರು ನಾಳೆ ಬನ್ನಿ ಅಂದಾಗ ನೀನು ಅವರ ಬಾಗಿಲಿಗೆ ಅಡ್ಡ ನಿಂತೆ. ಆ ಮುಖ ಇದು. ಇವಳು ಗುಹೇಲಿ ತನ್ನ ಮಗು ಕಾಯ್ತಿದಾಳೆ.

ಅಮ್ಮ ಪರದೆಯನ್ನೇ ನೋಡುತ್ತ ಕೂತಳು. ರಾಕ್ಷಸಿ ಇನ್ನೊಮ್ಮೆ ಅವಳತ್ತ ಮುಖ ತಿರುಗಿಸಿದಳು. ಅಷ್ಟರಲ್ಲಿ ಕರೆ ಬಂತು. ಅಮ್ಮ ಎದ್ದು ಕ್ಯಾಮೆರಾಗೆ ಕಾಣದಂತೆ ಪಕ್ಕಕ್ಕೆ ಸರಿದಳು.

ಮುಖ್ಯಸ್ಥೆ: ನಿಮ್ಮ ಕೆಲಸ ನೋಡಿದೆ. ಕೊಂಬು, ಕೋರೆಹಲ್ಲು ಎಲ್ಲರೂ ಮಾಡ್ತಾರೆ. ಈ ಮುಖ ಯಾರೂ ಮಾಡಿಲ್ಲ. ನಮ್ಮ ಹೊಸ ಆಟದ ಮೂರನೇ ಹಂತಕ್ಕೆ ಇವಳು ಬೇಕು, ನಮ್ಮ ತಂಡಕ್ಕೆ ನೀವೂ ಬೇಕು. ಮುಖ ಎಲ್ಲಿ ಸಿಕ್ತು?

ಮಗಳು: ಪರಿಚಯದವರದ್ದು.

ಮುಖ್ಯಸ್ಥೆ: ನಿಜವಾದ ಮನುಷ್ಯರದ್ದಾ? ಹಾಗಾದ್ರೆ ಅವರ ಒಪ್ಪಿಗೆ ಇಲ್ದೆ ನಾವು ಮುಟ್ಟೋ ಹಾಗಿಲ್ಲ. ಅವರು ಒಪ್ತಾರಾ?

ಮಗಳು ಬಾಯಿ ತೆರೆದಳು. ಉತ್ತರ ಬರುವ ಮೊದಲೇ ಅಮ್ಮ ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಬಂದಳು. ಮುಖ್ಯಸ್ಥೆ ಅವಳನ್ನು ನೋಡಿದರು, ರಾಕ್ಷಸಿಯನ್ನು ನೋಡಿದರು, ಬೆನ್ನು ನೆಟ್ಟಗೆ ಮಾಡಿ ಕೂತರು.

ಮುಖ್ಯಸ್ಥೆ: ನಮಸ್ಕಾರ ಮೇಡಂ.

ಅಮ್ಮ: ಒಪ್ತೀನಿ. ಆದ್ರೆ ಮೊದಲು ಒಂದು ವಿಷಯ. ಇವಳು ಎಷ್ಟು ಏಟಿಗೆ ಸಾಯ್ತಾಳೆ?

ಮುಖ್ಯಸ್ಥೆ: ಮೂರು ಅಂತ ಅಂದ್ಕೊಂಡಿದೀವಿ.

ಅಮ್ಮ: ಮೂರಾ? ಮಗು ಕಾಯ್ತಾ ನಿಂತವಳು ಮೂರೇಟಿಗೆ ಬೀಳ್ತಾಳಾ? ನಿಮಗೆ ಮಕ್ಕಳಿದಾರಾ?

ಮುಖ್ಯಸ್ಥೆ: ಇಬ್ಬರಿದಾರೆ. ಹತ್ತು ಮಾಡೋಣ.

ಅಮ್ಮ: ಇವಳು ಸಾಯೋದೇ ಬೇಡ.

ಮಗಳು ಕಣ್ಣು ಮುಚ್ಚಿಕೊಂಡಳು. ಮುಖ್ಯಸ್ಥೆ ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಮುಖ್ಯಸ್ಥೆ: ಚೆನ್ನಾಗಿದೆ. ಆಯ್ತು, ಸಾಯಲ್ಲ. ಮಗಳನ್ನ ಸೋಮವಾರ ಕೆಲಸಕ್ಕೆ ಕಳಿಸಿ. ಆದ್ರೆ ಮೇಡಂ, ಇವಳು ಸಾಯದೆ ಇದ್ರೆ ಆಡೋರು ಮುಂದಿನ ಹಂತಕ್ಕೆ ಹೋಗೋದು ಹೇಗೆ?

ಅಮ್ಮ: ತಪ್ಪಾಯ್ತು ಅಂತ ಹೇಳ್ಲಿ. ಬಿಡ್ತಾಳೆ.

ಅಪ್ಪ ಮೊದಲ ಸಲ ಕುರ್ಚಿಯಿಂದ ಎದ್ದು, ಅವಳ ಭುಜದ ಹಿಂದಿನಿಂದ ಕ್ಯಾಮೆರಾಗೆ ಮುಖ ತೋರಿಸಿದ.

ಅಪ್ಪ: ಅದನ್ನೇ ಇಟ್ಕೊಳ್ಳಿ ಮೇಡಂ. ಮಿಕ್ಕ ದಾರಿ ಎಲ್ಲಾ ನಾನು ಆಡಿ ನೋಡಿದೀನಿ.